ಗೋಡೆಯಾಚೆಯ ಗೊರಕೆ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರ ಪಕ್ಕದ ಮನೆಯಲ್ಲಿ ಲಾರಿ ಡ್ರೈವರ್ ಇರಲಿಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಇದ್ದಿದ್ದರೆ, ಅವನು ಮಲಗಿದ ಮೇಲೆ ಸಂತೆಯ ಗತಿ ಏನಾಯಿತೆಂಬುದನ್ನೂ ಗಾದೆಗೆ ಸೇರಿಸಿರುತ್ತಿದ್ದರು.

ನನ್ನ ಮನೆಯೇ ನನ್ನ ಹೊಲಿಗೆ ಅಂಗಡಿ. ನಮಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದನ್ನು ಕಟ್ಟಿದ ಮೇಸ್ತ್ರಿ ಇಟ್ಟಿಗೆಯಲ್ಲಿ ಬಹಳ ಉಳಿತಾಯ ಮಾಡಿದ್ದ. ಗೋಡೆಯ ಈ ಕಡೆ ನನ್ನ ಮಿಷನ್, ಆ ಕಡೆ ಮಂಚ. ಮಂಚದ ಮೇಲೆ ಮಲಗುವ ಮನುಷ್ಯ ಹದಿನಾಲ್ಕು ಚಕ್ರದ ಲಾರಿ ಓಡಿಸುತ್ತಿದ್ದ. ಬೀದಿಯವರು ಅವನಿಗಿಟ್ಟ ಹೆಸರು ಸಾರಥಿ. ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಕು ಹರಿದ ಮೇಲೆ ಮಲಗುವುದು ಅವನ ಕಸುಬಿನ ರೀತಿ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಮನೆಗೆ ಬರುತ್ತಿದ್ದ. ಬಂದ ಸುದ್ದಿಯನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಗೊರಕೆ ಕೇಳಿದೊಡನೆ ಹಾಲಿನವನು ತಾನಾಗಿಯೇ ಒಂದು ಪ್ಯಾಕೆಟ್ ಹೆಚ್ಚು ಇಟ್ಟು ಹೋಗುತ್ತಿದ್ದ.

ತಡೆಯಲಾರದಾದಾಗ ನಾನು ಮರದ ಸ್ಕೇಲಿನಿಂದ ಗೋಡೆ ಬಡಿಯುತ್ತಿದ್ದೆ. ಗೊರಕೆ ಗಕ್ಕನೆ ನಿಲ್ಲುತ್ತಿತ್ತು. ನಾನೊಂದು ಗುಂಡಿಯ ಕಾಜ ಹೊಲಿಯುವಷ್ಟರಲ್ಲಿ ಮತ್ತೆ ಎತ್ತಿಕೊಳ್ಳುತ್ತಿತ್ತು. ಕೆಲವು ಸಲ ನಾನು ಬಡಿಯದಿದ್ದರೂ ತಾನಾಗಿ ನಿಂತುಬಿಡುತ್ತಿತ್ತು. ಆಗೆಲ್ಲ ದೇವರಿಗೂ ನನ್ನ ಕಷ್ಟ ಅರ್ಥವಾಯಿತೆಂದುಕೊಂಡು ನೆಮ್ಮದಿಯಿಂದ ಸೂಜಿಗೆ ದಾರ ಪೋಣಿಸುತ್ತಿದ್ದೆ.

ಸಾರಥಿಗೆ ಲೋಕದಲ್ಲಿ ಇದ್ದ ಹೆಮ್ಮೆ ಎರಡು. ಒಂದು ಲಾರಿ, ಇನ್ನೊಂದು ಕತ್ತು. ಅಂಗಿಗೆ ಅಳತೆ ಕೊಡಲು ಬಂದಾಗ ಟೇಪು ಕತ್ತಿಗೆ ಸೋಕಿದ ಕೂಡಲೇ ಉಸಿರು ಬಿಗಿಹಿಡಿದು ನರಗಳನ್ನು ಉಬ್ಬಿಸಿ, “ನೋಡಿ ಟೈಲರಣ್ಣ, ಹದಿನೆಂಟು” ಎನ್ನುತ್ತಿದ್ದ. “ಹೌದಪ್ಪ, ಹದಿನೆಂಟು” ಎಂದು ನಾನು ಕಾಯುತ್ತಿದ್ದೆ. ಮನುಷ್ಯ ಎಷ್ಟು ಹೊತ್ತು ಉಸಿರು ಕಟ್ಟಿಯಾನು? ಬಿಟ್ಟ ಮೇಲೆ ಬಂದ ಅಳತೆಗೆ ಬಟ್ಟೆ ಕತ್ತರಿಸುತ್ತಿದ್ದೆ. ಅವನ ಮಾತು ಅವನಿಗಿರಲಿ, ಕಾಲರು ಅಂಗಿಗಿರಲಿ ಎಂಬುದು ನಮ್ಮಿಬ್ಬರ ಒಪ್ಪಂದ.

ಈ ಕತ್ತೇ ಅವನ ಕುತ್ತಿಗೆಗೆ ಬಂತು.

ದೊಡ್ಡ ಗಾಡಿ ಓಡಿಸುವವರು ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಮೈ ಸರಿಯಾಗಿದೆಯೆಂದು ಸರ್ಟಿಫಿಕೇಟು ತರಬೇಕು. ಕಣ್ಣು, ಕಿವಿ, ರಕ್ತದೊತ್ತಡ ನೋಡಿ ಕಳಿಸುತ್ತಿದ್ದರು. ಆ ವರ್ಷ ಹೋದವನು ಮದುವಣಿಗನಂತೆ ಬೀಗುತ್ತ ನನ್ನ ಅಂಗಡಿಗೆ ಬಂದ.

“ಟೈಲರಣ್ಣ, ಇಡೀ ಆಸ್ಪತ್ರೇಲಿ ನನ್ನಂಥ ಕತ್ತು ಇನ್ನೊಬ್ಬನದ್ದಿಲ್ಲ. ನರ್ಸಮ್ಮ ಟೇಪು ಹಾಕಿದ್ರು. ನಾನು ಸ್ವಲ್ಪ ಉಸಿರು ಕಟ್ಟಿದೆ. ಹದಿನೆಂಟೂವರೆ ಬಂತು. ಡಾಕ್ಟರಮ್ಮ ತಾವೇ ಎದ್ದು ಬಂದು ಇನ್ನೊಂದ್ಸಲ ಅಳೆದು ನೋಡಿದ್ರು, ಅಷ್ಟು ಆಶ್ಚರ್ಯ ಅವರಿಗೆ.”

“ಆಮೇಲೆ?”

“ಆಮೇಲೆ, ಗೊರಕೆ ಹೊಡೀತೀರಾ ಅಂತ ಕೇಳಿದ್ರು. ಇಲ್ಲ ಅಂದೆ. ನಾನಂತೂ ಒಂದು ದಿನನೂ ಕೇಳಿಲ್ಲ.”

“ಸರ್ಟಿಫಿಕೇಟು ಕೊಟ್ರಾ?”

“ಅದಕ್ಕೆ ಮುಂಚೆ ಇನ್ನೊಂದು ಟೆಸ್ಟ್ ಇದೆಯಂತೆ. ಎಲ್ಲರಿಗೂ ಅಲ್ಲ, ದೊಡ್ಡ ಕತ್ತಿನೋರಿಗೆ ಮಾತ್ರ” ಎಂದು ಸಾರಥಿ ಕಾಲರು ಸರಿಮಾಡಿಕೊಂಡ.

ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದ ಅವನ ಬಾಮೈದ ತಲೆ ಚಚ್ಚಿಕೊಂಡ. ಈ ಬಾಮೈದ ಔಷಧಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಮಾತ್ರೆಗಳ ಪಕ್ಕದಲ್ಲಿ ಕೂತು ಕೂತು ಅರ್ಧ ಡಾಕ್ಟರಾಗಿದ್ದ. ಉಳಿದರ್ಧವನ್ನು ಬಾಯಿಯಲ್ಲೇ ತುಂಬಿಸಿಕೊಳ್ಳುತ್ತಿದ್ದ.

“ಭಾವ, ಅದು ಬಹುಮಾನ ಅಲ್ಲ. ಕತ್ತು ದಪ್ಪ ಇದ್ರೆ ನಿದ್ದೇಲಿ ಗಂಟಲು ಮುಚ್ಕೊಳ್ಳುತ್ತೆ. ಉಸಿರು ನಿಲ್ಲುತ್ತೆ. ಆಮೇಲೆ ಗಡಬಡಿಸಿ ಮತ್ತೆ ಬರುತ್ತೆ. ಮತ್ತೆ ನಿಲ್ಲುತ್ತೆ. ಮಲಗಿದಷ್ಟು ಹೊತ್ತೂ ಇದೇ ಆದ್ರೆ ಮೈಗೆ ನಿದ್ದೆ ಎಲ್ಲಿ? ಸ್ಟೇರಿಂಗ್ ಹಿಡಿದಾಗ ತೂಕಡಿಕೆ ಬರುತ್ತೆ. ಅದಕ್ಕೇ ಡ್ರೈವರ್‌ಗಳಿಗೆ ಈ ಟೆಸ್ಟು. ಅದು ಸರಿ ಬರೋ ತನಕ ನೀವು ಲಾರಿ ಹತ್ತೋ ಹಾಗಿಲ್ಲ.”

ಸಾರಥಿಯ ಕತ್ತು ನಾವು ನೋಡನೋಡುತ್ತಿದ್ದಂತೆ ಇಳಿಯಿತು. ಅವನ ಕೈ ತಾನಾಗಿ ನನ್ನ ಟೇಪಿನ ಕಡೆ ಬಂತು. “ಟೈಲರಣ್ಣ, ಈಗ ಅಳೀರಿ. ಉಸಿರು ಕಟ್ಟಿಲ್ಲ.”

ಹದಿನಾರೂಮುಕ್ಕಾಲು ಬಂತು. ಇನ್ನೊಂದು ಚೂರು ಎಳೆದು ಹಿಡಿಯಿರೆಂದು ಬೇಡಿಕೊಂಡ. ನಾನು ಎಳೆದೆ. ಮುಖ ಕೆಂಪಾಗಿ ಕೆಮ್ಮು ಬಂತೇ ಹೊರತು ಕತ್ತು ಇಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನೆಂಟೂವರೆ ಎಂದು ಬರೆಸಿಕೊಂಡಿದ್ದನ್ನು ಅಳಿಸಲು ಮಾರನೆಯ ದಿನ ಸಾರಥಿ, ಬಾಮೈದ, ಟೇಪಿನ ಸಮೇತ ನಾನು, ಮೂವರೂ ಆಸ್ಪತ್ರೆಗೆ ಹೊರಟೆವು. ನಾನು ಹೋದದ್ದು ಕತ್ತಿನ ಸಾಕ್ಷಿಯಾಗಿ. ಒಳಗೆ ಬಹಳ ಜನರಿದ್ದರು. ಮೂವರೂ ಬೆಂಚಿನ ಮೇಲೆ ಕುಳಿತೆವು. ‘ಈ ಮನುಷ್ಯ ಗೊರಕೆ ಹೊಡೆಯುವುದಿಲ್ಲ’ ಎಂದು ಡಾಕ್ಟರಿಗೆ ಹೇಗೆ ಹೇಳಬೇಕೆಂದು ಬಾಮೈದ ನನಗೆ ಕಿವಿಯಲ್ಲಿ ಪಾಠ ಹೇಳುತ್ತಿದ್ದ. ಆಗ ಪಕ್ಕದಿಂದ ಆ ಸದ್ದು ಎದ್ದಿತು.

ಸಾರಥಿ ಗೋಡೆಗೊರಗಿ ನಿದ್ದೆ ಹೋಗಿದ್ದ. ಎದುರಿನ ಬೆಂಚಿನ ಅಜ್ಜಿ ಎದ್ದು ಕುಳಿತಳು. ಕೈಗೂಸೊಂದು ಅಳು ನಿಲ್ಲಿಸಿ ಬಾಯಿ ತೆರೆದು ನೋಡಿತು. ಚೀಟಿ ಕೊಡುವ ಕಿಟಕಿಯಿಂದ ಗುಮಾಸ್ತ ತಲೆ ಹೊರಗೆ ಹಾಕಿದ. ಗೊರಕೆ ಏರಿ ಏರಿ ತುದಿ ಮುಟ್ಟಿ, ಅಲ್ಲೇ ತಟಕ್ಕನೆ ನಿಂತಿತು. ಎದೆ ಎದ್ದು ಬೀಳುತ್ತಿತ್ತು, ಮೂಗಿನಲ್ಲಿ ಗಾಳಿಯಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ನಿಂತರು. “ಹೋದನಾ?” ಎಂದು ಅಜ್ಜಿ ಕೇಳಿದಳು. ಅಷ್ಟರಲ್ಲಿ ಹೂತ ಚಕ್ರ ಕೆಸರಿನಿಂದ ಮೇಲೆದ್ದಂಥ ಸದ್ದಿನೊಂದಿಗೆ ಉಸಿರು ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟು ಕುಳಿತರು. ನಾನು ತಿರುಗಿ ನೋಡಿದರೆ ಡಾಕ್ಟರಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

“ಇವರನ್ನ ಎಬ್ಬಿಸಬೇಡಿ” ಎಂದರು. ಆಮೇಲೆ ನನ್ನ ಕತ್ತಿನಿಂದ ಇಳಿಬಿದ್ದಿದ್ದ ಟೇಪನ್ನು ನೋಡಿ, “ನೀವ್ಯಾರು?” ಎಂದರು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಟೇಪನ್ನು ಜೇಬಿಗೆ ಸೇರಿಸಿದೆ.

ಅಂತೂ ಟೆಸ್ಟ್ ತಪ್ಪಲಿಲ್ಲ. ಅದಕ್ಕೆ ಬೇಕಾದ ಡಬ್ಬಿಯೊಂದಿತ್ತು. ಅದನ್ನು ಮನೆಗೆ ಒಯ್ದು, ಎದೆಗೆ ಪಟ್ಟಿ ಕಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಬೇಕು. ಆದರೆ ಸರದಿ ದೊಡ್ಡದು. ಡಬ್ಬಿ ಸಿಗುವವರೆಗೆ ಸಾರಥಿ ಮನೆಯಲ್ಲಿರಬೇಕಾಯಿತು, ಲಾರಿ ಬದಲಿ ಡ್ರೈವರನ ಕೈಗೆ ಹೋಯಿತು. “ನಿನ್ನ ಗಾಡಿ ನಿನಗೇ. ಆದ್ರೆ ಬಹಳ ದಿನ ಕಾಯೋಕಾಗಲ್ಲ ನೋಡಪ್ಪ” ಎಂದು ಮಾಲೀಕರು ಸಮಾಧಾನ ಹೇಳಿದರು. ಆ ಸಮಾಧಾನ ಕೇಳಿದ ದಿನದಿಂದ ಅವನಿಗೆ ಊಟ ಸೇರಲಿಲ್ಲ.

ದಿನಾ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಲಾರಿ ನಿಲ್ಲುವ ಬಯಲಿಗೆ ಹೋಗುತ್ತಿದ್ದ. ಲಾರಿ ಎಲ್ಲೋ ದೂರದಲ್ಲಿರುತ್ತಿತ್ತು. ಅದು ನಿಲ್ಲುತ್ತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆಯಿತ್ತು. ಆ ಕಲೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬರುತ್ತಿದ್ದ. ಬಂದವನು ನನ್ನ ಅಂಗಡಿಯಲ್ಲಿ ಕುಳಿತು ಮಿಷನ್ನಿನ ಪೆಡಲಿನ ಮೇಲೆ ಕಾಲಿಡುತ್ತಿದ್ದ. “ಬ್ರೇಕ್ ಸ್ವಲ್ಪ ಲೂಸಿದೆ ಟೈಲರಣ್ಣ” ಎನ್ನುತ್ತಿದ್ದ. ಹೆದ್ದಾರಿಯಿಂದ ಹಾರನ್ ಕೇಳಿದರೆ ಮಾತು ನಿಲ್ಲಿಸಿ ಕಿವಿಗೊಟ್ಟು, “ಅದು ನಮ್ಮದಲ್ಲ” ಎಂದು ತಲೆ ತಗ್ಗಿಸುತ್ತಿದ್ದ.

“ಬೆಟ್ಟ ಇಳಿಯುವಾಗ ಒಂದು ತಿರುವಿದೆ” ಎಂದ ಒಂದು ದಿನ. “ಅಲ್ಲಿ ಬಂದ ಕೂಡಲೇ ಕೆಳಗಿನ ಊರಿನ ದೀಪ ಎಲ್ಲಾ ಒಟ್ಟಿಗೆ ಕಾಣ್ಸುತ್ತೆ. ಇಷ್ಟು ವರ್ಷ ನೋಡಿದೀನಿ, ಒಂದ್ಸಲನೂ ಬೇಜಾರಾಗಿಲ್ಲ. ಈಗ ಆ ಬದಲಿಯವನು ನೋಡ್ತಿದಾನೆ. ಅವನು ನೋಡ್ತಾನೋ ಇಲ್ವೋ.” ಅವನ ಕಣ್ಣಲ್ಲಿ ನೀರಿತ್ತು. ಲಾರಿಯ ಮೇಲೆ ಇಷ್ಟು ಹಂಬಲ ಇಟ್ಟುಕೊಂಡವನನ್ನು ನಾನು ಬೇರೆ ನೋಡಿಲ್ಲ, ಮಿಷನ್ನಿನ ಮೇಲೆ ನನಗಂತೂ ಇಲ್ಲ.

ಅವನ ಹೆಂಡತಿಯ ಸ್ಥಿತಿ ಬೇರೆ. ಮದುವೆಯಾದಾಗಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು. ಗಂಡ ಬಂದ ದಿನ ಅವನು ಮಲಗುತ್ತಿದ್ದ, ಎದ್ದ ದಿನ ಹೊರಡುತ್ತಿದ್ದ. ಈಗ ದಿನದ ಮೂರು ಹೊತ್ತೂ ಮನೆಯಲ್ಲಿದ್ದಾನೆ. “ಅವಳು ತಲೆ ಬಾಚ್ಕೊಂಡ ಮೇಲೂ ಕನ್ನಡಿ ಮುಂದೆ ನಿಂತಿರ್ತಾಳೆ ಕಣ್ರೀ” ಎಂದು ನನ್ನ ಮನೆಯವಳು ವರದಿ ಒಪ್ಪಿಸಿದಳು. ಗೋಡೆಯಾಚೆಯಿಂದ ಹಾಡು ಗುನುಗುವುದು ಕೇಳಿಸುತ್ತಿತ್ತು. ಆದರೆ ಅದು ಬಹಳ ದಿನ ಕೇಳಿಸಲಿಲ್ಲ. ಎರಡು ಲೋಟ ಚಹಾ ಮಾಡಿ ಎದುರಿಗೆ ಕುಳಿತರೆ ಅವನು ಲೋಟ ಹಿಡಿದು ಬೀದಿಯ ಕೊನೆಯನ್ನೇ ನೋಡುತ್ತಿದ್ದನಂತೆ. ಅವಳು ಕಾಯುತ್ತಿದ್ದವನು ಮನೆಗೆ ಬಂದಿದ್ದ, ಮನಸ್ಸು ಮಾತ್ರ ಹೆದ್ದಾರಿಯಲ್ಲೇ ಇತ್ತು. ಎದುರಿಗೆ ಕೂತವನಿಗಾಗಿ ಹಂಬಲಿಸುವುದು ದೂರ ಹೋದವನಿಗಾಗಿ ಹಂಬಲಿಸುವುದಕ್ಕಿಂತ ಕಷ್ಟ ಎಂದು ಅವಳು ನನ್ನ ಮನೆಯವಳ ಹತ್ತಿರ ಅತ್ತಳು.

ಡಬ್ಬಿ ಬಂತು. ಕೊಡುವಾಗ ಡಾಕ್ಟರಮ್ಮ ಗಂಡಹೆಂಡಿರಿಬ್ಬರನ್ನೂ ಕೂರಿಸಿ, “ದಿನಾ ಮನೇಲಿ ಹೇಗೆ ಮಲಗ್ತೀರೋ ಹಾಗೇ ಮಲಗಿ. ಏನೂ ಬದಲಾಯಿಸಬೇಡಿ. ಹಗಲು ಮಲಗೋರಾದ್ರೆ ಹಗಲೇ ಆಗಲಿ” ಎಂದು ಹೇಳಿ ಕಳಿಸಿದ್ದರು.

ಆ ದಿನ ಬಾಮೈದ ಬೀದಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡ. ತರಕಾರಿಯವನನ್ನು ತಿರುವಿನಲ್ಲೇ ತಡೆದ. ಆಡುವ ಮಕ್ಕಳನ್ನು ಅಟ್ಟಿದ. ಎದುರುಮನೆಯವರ ಕುಕ್ಕರಿನ ಸೀಟಿಗೆ ನಿಷೇಧ ಹಾಕಿದ. ನನ್ನ ಮಿಷನ್ ನಿಲ್ಲಿಸಿ, ಗುಂಡಿ ಹಚ್ಚುವ ಕೆಲಸಕ್ಕೆ ಮಾತ್ರ ಅಪ್ಪಣೆ ಕೊಟ್ಟ. ಮೈಯೆಲ್ಲ ವೈರು ಸುತ್ತಿಕೊಂಡ ಸಾರಥಿ, ಎಂದಿನಂತೆ ಹೆಂಡತಿ ಪಕ್ಕದಲ್ಲಿ ಅಡ್ಡಾದ ಮೇಲೆ, ಕಣ್ಣು ಮುಚ್ಚಿದ. ಗೊರಕೆ ಎದ್ದಿತು. ಇಡೀ ಬೀದಿ ಉಸಿರು ಬಿಗಿಹಿಡಿದು ಅದನ್ನು ಕೇಳಿತು.

ಫಲಿತಾಂಶದ ದಿನ ಡಾಕ್ಟರಮ್ಮ ಕಂಪ್ಯೂಟರನ್ನು ಬಹಳ ಹೊತ್ತು ನೋಡಿದರು. “ವಿಚಿತ್ರ” ಎಂದರು. “ಉಸಿರು ನಿಲ್ಲೋಕೆ ಶುರುವಾಗುತ್ತೆ. ತಕ್ಷಣ ಮೈ ಎಡಕ್ಕೆ ಹಾರುತ್ತೆ. ಉಸಿರು ಬಂದುಬಿಡುತ್ತೆ. ಪ್ರತಿ ಸಲ ಎಡಕ್ಕೇ. ಇಂಥದ್ದು ನಾನು ನೋಡಿಲ್ಲ.”

ಬಾಮೈದ ಗಂಟಲು ಸರಿಮಾಡಿಕೊಂಡ. “ಮೇಡಂ, ಡ್ರೈವರ್ ಮೈ ಅದು. ನಿದ್ದೇಲೂ ರಸ್ತೆ ಗುಂಡಿ ತಪ್ಪಿಸುತ್ತೆ.”

ಡಾಕ್ಟರಮ್ಮ ಅವನನ್ನು ನೋಡಿದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಆದರೂ ಲೆಕ್ಕದ ಪ್ರಕಾರ ಉಸಿರು ನಿಂತದ್ದು ಕಡಿಮೆ, ಫೇಲು ಮಾಡುವಂತಿಲ್ಲ. ಸೋಮವಾರ ಬಂದು ಸರ್ಟಿಫಿಕೇಟು ಒಯ್ಯಿರಿ ಎಂದರು.

ಸಾರಥಿ ಬೀದಿಗೆಲ್ಲ ಸಿಹಿ ಹಂಚಿದ. ಬ್ಯಾಗಿಗೆ ಬಟ್ಟೆ ತುಂಬಿದ. ಕತ್ತು ಮತ್ತೆ ಹದಿನೆಂಟಕ್ಕೆ ಏರಿತು. ಅವನ ಹೆಂಡತಿ ಮಾತ್ರ ಸಿಹಿಯ ತಟ್ಟೆ ಹಿಡಿದು ನಮ್ಮ ಮನೆಗೆ ಬಂದು, ಕೊಡಲೂ ಇಲ್ಲ ಕೂರಲೂ ಇಲ್ಲ.

“ಅಣ್ಣ, ಅದು ರಸ್ತೆ ಗುಂಡಿ ಅಲ್ಲ” ಎಂದಳು. “ನಾನು.”

“ನೀನು ಅಂದ್ರೆ?”

“ನಾನು ತಿವಿದಿದ್ದು. ಮೊಣಕೈಯಿಂದ. ಅವರ ಉಸಿರು ನಿಂತಾಗೆಲ್ಲ ತಿವೀತೀನಿ, ಆಗ ಬರುತ್ತೆ. ಮದುವೆ ಆದಾಗಿಂದ ಹಾಗೇನೇ. ದಿನಾ ಹೇಗೆ ಮಲಗ್ತೀರೋ ಹಾಗೇ ಮಲಗಿ ಅಂದ್ರಲ್ಲ ಡಾಕ್ಟ್ರು. ನಾವು ಹಾಗೇ ಮಲಗಿದ್ವಿ.”

ನನ್ನ ಸ್ಟೂಲಿನ ಮೇಲೆ ಕುಳಿತು ಸಿಹಿ ತಿನ್ನುತ್ತಿದ್ದ ಬಾಮೈದ ಎಗರಿ ಕುಣಿದ. “ಅಕ್ಕ, ನೀನು ಭಲೇ ಜಾಣೆ. ಭಾವನ ಅನ್ನ ಉಳಿಸಿದೆ. ಬಾಯಿ ಬಿಡಬೇಡ.” ಸುದ್ದಿ ಕೇಳಿ ಬಂದ ಎದುರುಮನೆಯಾಕೆಯೂ ಬೆನ್ನು ತಟ್ಟಿದಳು. ಮೋಸ ಮಾಡಲು ಗೊತ್ತಿಲ್ಲದ ಹೆಂಗಸನ್ನು ಬೀದಿಯೆಲ್ಲ ಸೇರಿ ಮೋಸಗಾತಿಯೆಂದು ಹೊಗಳಿತು. ಅವಳು ತಟ್ಟೆಯನ್ನು ನನ್ನ ಮಿಷನ್ನಿನ ಮೇಲಿಟ್ಟು, “ನಾನು ಡಾಕ್ಟ್ರಿಗೆ ಹೇಳಿಬರ್ತೀನಿ” ಎಂದಳು.

ಅಷ್ಟರಲ್ಲಿ ಸಾರಥಿ ಬಾಗಿಲಿಗೆ ಬಂದಿದ್ದ. ಅವನ ಮುಖ ಕಪ್ಪಿಟ್ಟಿತು.

“ಹೇಳು. ಹೇಳಿ ನನ್ನನ್ನ ಮನೇಲೇ ಕಟ್ಟಿಹಾಕು. ನಿನಗೆ ಬೇಕಾಗಿರೋದೂ ಅದೇ ತಾನೇ?”

“ಹೌದು, ಬೇಕು” ಎಂದಳು ಅವಳು. “ನೀವು ಮನೇಲಿರೋದು ನನಗೆ ಬೇಕು. ಇಷ್ಟು ವರ್ಷ ಅದನ್ನೇ ಬೇಡ್ಕೊಂಡಿದೀನಿ. ಆದ್ರೆ ಹೇಳ್ತೀನಿ ಅಂದಿದ್ದು ಅದಕ್ಕಲ್ಲ. ಇಲ್ಲಿ ನಾನು ತಿವೀತೀನಿ. ಅಲ್ಲಿ ನಿಮ್ಮನ್ನ ತಿವಿಯೋರು ಯಾರು? ನೀವು ಹೋದ ಮೇಲೆ ನಾನು ದಿಂಬು ತಿವೀತಾ ಬಿದ್ದಿರ್ತೀನಿ, ಗೊತ್ತಾ ನಿಮಗೆ?”

“ಇಷ್ಟು ವರ್ಷ ಏನಾಯ್ತು ನನಗೆ? ಏನೂ ಆಗಿಲ್ಲ” ಎಂದ ಸಾರಥಿ. ರೇಗಿದವನಿಗೆ ನಾಲಗೆಯ ಮೇಲೆ ಹಿಡಿತವಿರುವುದಿಲ್ಲ. “ಸಿಗ್ನಲ್ ಹತ್ರ ಒಂಚೂರು ಕಣ್ಣು ಹತ್ತಿದ್ರೂ ಹಿಂದಿನೋರು ಹಾರನ್ ಹೊಡೀತಾರೆ. ಟೋಲ್ ಹತ್ರನೂ ಹೊಡೀತಾರೆ. ಕೊನೇ ಟ್ರಿಪ್ಪಲ್ಲಿ ಬೆಟ್ಟದ ಆ ತಿರುವಲ್ಲೂ ಹಿಂದೆ ಬಸ್ಸಿನೋನು ಹೊಡೆದ, ನಾನು ತಕ್ಷಣ…”

ಅಲ್ಲಿಗೆ ಅವನು ನಿಂತ. ಸಾರಥಿ ತಾನಾಡಿದ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದ್ದ. ಎಲ್ಲ ದೀಪ ಒಟ್ಟಿಗೆ ಕಾಣುವ ಆ ತಿರುವನ್ನು ಅವನು ಕಣ್ಣು ಮುಚ್ಚಿಕೊಂಡು ದಾಟಿದ್ದ. ನಿಧಾನವಾಗಿ ಬಂದು ನನ್ನ ಸ್ಟೂಲಿನ ಮೇಲೆ ಕುಳಿತ. ಈ ಸಲ ಪೆಡಲಿನ ಮೇಲೆ ಕಾಲಿಡಲಿಲ್ಲ.

“ಡಬ್ಬಿ ಇನ್ನೊಂದ್ಸಲ ತರೋಣ” ಎಂದ.

ಡಾಕ್ಟರಮ್ಮನ ಮುಂದೆ ಅವಳು ತನ್ನ ಮೊಣಕೈ ತೋರಿಸಿದಳು. ಡಾಕ್ಟರಮ್ಮ ನಕ್ಕರು. ಅವರು ನಗಬಲ್ಲರೆಂದು ನಾವ್ಯಾರೂ ತಿಳಿದಿರಲಿಲ್ಲ. ನಕ್ಕು ಮುಗಿದ ಮೇಲೆ ಪೆನ್ನು ಕೆಳಗಿಟ್ಟು, “ಹಾಗಾದ್ರೆ ನೀವು ನಿದ್ದೆ ಮಾಡೋದು ಯಾವಾಗಮ್ಮ?” ಎಂದು ಕೇಳಿದರು.

“ಅವರು ಹೋದ ಮೇಲೆ ಮಾಡ್ಬೇಕು” ಎಂದಳು. “ಆದ್ರೆ ಅವರು ಹೋದ ಮೇಲೆ ನಿದ್ದೆ ಬರಲ್ಲ.”

ಎರಡನೆಯ ಸಲ ಹೆಂಡತಿ ಹತ್ತಿರವಿರಕೂಡದೆಂದು ಕಟ್ಟಪ್ಪಣೆಯಾಯಿತು. ಅವಳನ್ನು ನಮ್ಮ ಮನೆಯಲ್ಲಿ ಕೂರಿಸಿಕೊಂಡೆವು. ಕೈಗೆ ಕೆಲಸವಿರಲೆಂದು ಅಂಗಿಗಳನ್ನೂ ಗುಂಡಿಗಳನ್ನೂ ಕೊಟ್ಟೆ. ಗೋಡೆಯಾಚೆ ಗೊರಕೆ ಎದ್ದಿತು. ಅವಳು ಸೂಜಿ ಹಿಡಿದು ಕುಳಿತಳು. ಗೊರಕೆ ಏರಿತು, ತಟಕ್ಕನೆ ನಿಂತಿತು. ಅವಳ ಮೊಣಕೈ ಗೋಡೆಯ ಕಡೆ ಹಾರಿತು. ನನ್ನ ಮನೆಯವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬೇಡ ಕಣೇ. ಅವನ ಒಳ್ಳೇದಕ್ಕೆ.”

ಗೋಡೆಯಾಚೆ ಸದ್ದಿಲ್ಲ. ಇಷ್ಟು ವರ್ಷ ಆ ಗೊರಕೆ ನಿಂತಾಗೆಲ್ಲ ದೇವರಿಗೆ ಕೈಮುಗಿದವನು ನಾನು. ಆ ಮೌನ ಹೀಗಿರುತ್ತದೆಂದು ಅಂದು ಮೊದಲ ಸಲ ಕಿವಿಗೊಟ್ಟು ಕೇಳಿದೆ. ಮೌನ ಇನ್ನೂ ಬೆಳೆಯಿತು. ಆಮೇಲೆ ಟಪಟಪನೆ ಗೋಡೆ ಬಡಿದ ಸದ್ದಾಯಿತು. ಆಚೆಯಿಂದ ಉಸಿರು ಭರ್ರೆಂದು ಬಂತು. ಹೆಂಗಸರಿಬ್ಬರೂ ನನ್ನನ್ನು ನೋಡುತ್ತಿದ್ದರು. ಮರದ ಸ್ಕೇಲು ನನ್ನ ಕೈಯಲ್ಲಿತ್ತು.

“ಏನ್ರೀ ಇದು?” ಎಂದಳು ನನ್ನ ಮನೆಯವಳು.

“ಕೈ ತಪ್ಪಿ ತಗಲಿತು” ಎಂದೆ. ಆ ಮಧ್ಯಾಹ್ನ ನನ್ನ ಕೈ ಬಹಳ ಸಲ ತಪ್ಪಿತು.

ಈ ಸಲದ ಲೆಕ್ಕದಲ್ಲೂ ಉಸಿರು ನಿಂತದ್ದು ಕಡಿಮೆ ಕಂಡಾಗ, ಈ ಬೀದಿಯನ್ನು ನಂಬಿ ಪ್ರಯೋಜನವಿಲ್ಲವೆಂದು ಡಾಕ್ಟರಮ್ಮನಿಗೆ ಮನವರಿಕೆಯಾಯಿತು. ಸಾರಥಿಯನ್ನು ಆಸ್ಪತ್ರೆಯಲ್ಲೇ ಮಲಗಿಸಿ, ಬಾಗಿಲು ಹಾಕಿಕೊಂಡು ಮೂರನೆಯ ಸಲ ಪರೀಕ್ಷೆ ಮಾಡಿದರು. ಅಲ್ಲಿ ತಿವಿಯುವವರಿಲ್ಲ, ಬಡಿಯುವವರಿಲ್ಲ. ಫಲಿತಾಂಶ ಬಂದಾಗ ಅದನ್ನು ಜೋರಾಗಿ ಓದಲು ಬಾಮೈದನಿಗೂ ಧೈರ್ಯ ಸಾಲಲಿಲ್ಲ. ಮಲಗುವಾಗ ಮುಖಕ್ಕೆ ಹಾಕಿಕೊಂಡು ಗಾಳಿ ಊದುವ ಒಂದು ಮಿಷನ್ ಕೊಟ್ಟರು. ಅದನ್ನು ದಿನವೂ ಬಳಸಿ, ಉಸಿರು ಸರಿಹೋಗಿದೆಯೆಂದು ಖಾತ್ರಿಯಾದರೆ ಲಾರಿ ಸಿಗುತ್ತದೆ ಎಂದರು. ಬದಲಿ ಡ್ರೈವರನ ಮನೆಯಲ್ಲಿ ಏನೋ ತಾಪತ್ರಯವಾಗಿ ಅವನೂ ಹೊರಡುವವನಿದ್ದ. ಹೀಗಾಗಿ ಮಾಲೀಕರು ಕಾಯುತ್ತೇನೆ ಎಂದರು.

ಸಾರಥಿ ಮಾಸ್ಕ್ ಹಾಕಿಕೊಂಡು ಮಲಗಿದ ಮೊದಲ ದಿನ ನಮ್ಮ ಬೀದಿಯಲ್ಲಿ ಗೊರಕೆ ಇಲ್ಲವಾಯಿತು. ಗೋಡೆಗೆ ಕಿವಿಯಿಟ್ಟರೆ ಗಾಳಿ ಸುಳಿದಾಡುವ ಸಣ್ಣ ಸದ್ದು, ಅಷ್ಟೆ. ಹಾಲಿನವನು ಅವನು ಊರಲ್ಲಿಲ್ಲವೆಂದುಕೊಂಡು ಪ್ಯಾಕೆಟ್ ಕಡಿಮೆ ಮಾಡಿದ. ನನಗೆ ಮಿಷನ್ ತುಳಿಯಲು ಮನಸ್ಸು ಬರಲಿಲ್ಲ. ಅವನ ಹೆಂಡತಿಯಂತೂ ಎಂದಿನಂತೆ ಎಚ್ಚರವಾಗಿದ್ದು ಎಂದಿನಂತೆ ತಿವಿದಳಂತೆ. ಅವನು ಮಾಸ್ಕ್ ಸರಿಸಿ, “ಈಗ್ಯಾಕೆ ತಿವೀತೀಯ, ಉಸಿರಾಡ್ತಾ ಇದೀನಲ್ಲ” ಎಂದನಂತೆ. “ಇದೀರೋ ಇಲ್ವೋ ಅಂತ ನೋಡಿದೆ” ಎಂದಳಂತೆ ಅವಳು. ಕಣ್ತುಂಬ ನಿದ್ದೆ ಮಾಡಿದ ಮನುಷ್ಯನ ಕಣ್ಣು ಬೇರೆಯೇ ಇರುತ್ತದೆ. ಕೆಲವೇ ದಿನಗಳಲ್ಲಿ ಸಾರಥಿ ಚಹಾ ಲೋಟ ಹಿಡಿದು ಬೀದಿಯ ಕೊನೆಯನ್ನು ನೋಡುವುದನ್ನು ಬಿಟ್ಟು ಎದುರಿಗೆ ಕುಳಿತವಳನ್ನು ನೋಡಿದ. “ನಿನ್ನ ಕಣ್ಣ ಕೆಳಗೆ ಯಾಕಿಷ್ಟು ಕಪ್ಪಾಗಿದೆ?” ಎಂದು ಕೇಳಿದ. ಅವಳು ಅದನ್ನು ನಮ್ಮ ಮನೆಗೆ ಬಂದು ಹೇಳುವಾಗ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಸರ್ಟಿಫಿಕೇಟು ಬಂತು. ಬಯಲಿನಿಂದ ಲಾರಿಯನ್ನು ಬೀದಿಯ ಕೊನೆಗೆ ತಂದು ನಿಲ್ಲಿಸಿದ. ಮುಖ ಊದಿಸಿಕೊಂಡಿದ್ದ ಹೆಂಡತಿಯ ಮುಂದೆ ಮಾಸ್ಕಿನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಕ್ಯಾಬಿನ್ನಿನಲ್ಲಿಟ್ಟು, ಸೀಟು ಹಿಂದೆ ಸರಿಸಿದ, ಕನ್ನಡಿ ತಿರುಗಿಸಿದ. “ಬರ್ತೀನಿ” ಎಂದ. ಅವಳು ತಲೆಯಾಡಿಸಿದಳು. ಹಾರನ್ ಹೊಡೆದು ಹೊರಟ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು. ನನಗೂ ಒಳಗೆ ಹೋಗಬೇಕೆನಿಸಲಿಲ್ಲ. ಅವನು ಹೋದ ದಾರಿ ನೋಡುತ್ತ ನಾನೂ ಬೀದಿಯಲ್ಲಿ ನಿಂತಿರುತ್ತೇನೆಂದು ಯಾರಾದರೂ ಮೊದಲು ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಎರಡು ದಿನ ಕಳೆದ ಮೇಲೆ, ಮಧ್ಯಾಹ್ನ ನಾನು ಅಂಗಿಯೊಂದಕ್ಕೆ ಕಾಲರು ಕೂರಿಸುತ್ತಿದ್ದಾಗ ಗೋಡೆಯಾಚೆ ಗೊರಕೆ ಕೇಳಿಸಿತು.

ಮೊದಲು ನನ್ನ ಕಿವಿಯನ್ನು ಅನುಮಾನಿಸಿದೆ. ಮಿಷನ್ ನಿಲ್ಲಿಸಿದೆ. ಗೊರಕೆಯೇ. ಅವನದಷ್ಟು ದೊಡ್ಡದಲ್ಲ, ಆದರೆ ಸಂಕೋಚವಿಲ್ಲದ, ಸಮವಾದ ಗೊರಕೆ. ಲಾರಿ ಇರುವುದು ಎಲ್ಲೋ, ಗೊರಕೆ ಇಲ್ಲಿ. ಗಾಬರಿಯಾಗಿ ಹೋಗಿ ನೋಡಿದೆ. ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಸಾರಥಿಯ ಹೆಂಡತಿ ಕಾಲು ಚಾಚಿ, ಬಾಯಿ ತುಸು ತೆರೆದು, ಜಗತ್ತೇ ಮುಳುಗಿದರೂ ಏಳದವಳ ಹಾಗೆ ಮಲಗಿದ್ದಳು. ಅವಳ ಮೊಣಕೈ ಸಡಿಲವಾಗಿ ಪಕ್ಕಕ್ಕೆ ಬಿದ್ದಿತ್ತು. ದಿಂಬಿನ ಮೇಲಿದ್ದ ಫೋನಿನಿಂದ ಗಾಳಿ ಸುಳಿದಾಡುವ ಸಣ್ಣ ಸದ್ದು ಬರುತ್ತಿತ್ತು. ನಾನು ಬಾಗಿಲು ಎಳೆದುಕೊಳ್ಳಲು ಹೋದೆ, ಅದು ಕಿರ್ರೆಂದಿತು. ಫೋನಿನೊಳಗಿನ ಗಾಳಿ ನಿಂತಿತು.

“ಯಾರದು?” ಎಂದಿತು ಸಾರಥಿಯ ಮೆತ್ತನೆಯ ದನಿ.

“ನಾನಪ್ಪ, ಟೈಲರಣ್ಣ” ಎಂದು ಪಿಸುಗುಟ್ಟಿದೆ.

“ಎಬ್ಬಿಸಬೇಡಿ. ಈ ಗಾಳಿ ಮಿಷನ್ ಸದ್ದು ಕೇಳಿಸ್ತಾ ಇದ್ರೆ ನನಗೆ ನಿದ್ದೆ ಬರುತ್ತೆ ಅಂದ್ಲು. ಅದಕ್ಕೆ ಲಾರಿ ನಿಲ್ಲಿಸಿ ಫೋನು ಪಕ್ಕಕ್ಕಿಟ್ಕೊಂಡು ಮಲಗಿದೀನಿ. ಅವಳೇ ಮೊದಲು ಮಲಗಿದ್ಲು.”

“ಗೊರಕೆ ಹೊಡೀತಿದಾಳೆ ಕಣಯ್ಯಾ.”

“ಗೊತ್ತು, ಕೇಳ್ತಾ ಇದೀನಿ. ಇಷ್ಟು ವರ್ಷದಲ್ಲಿ ಅವಳು ನಿದ್ದೆ ಮಾಡಿದ್ದು ಒಂದು ದಿನನೂ ಕೇಳಿರ್ಲಿಲ್ಲ.” ಆಮೇಲೆ ಇನ್ನೂ ಮೆಲ್ಲಗೆ, “ಟೈಲರಣ್ಣ, ನನ್ನ ಕೈ ಅಲ್ಲಿಗೆ ಎಟುಕಲ್ಲ. ಮಧ್ಯೆ ಅವಳ ಉಸಿರೇನಾದ್ರೂ ನಿಂತ್ರೆ ನೀವು ಗೋಡೆ ಬಡೀತೀರಾ?” ಎಂದ.

“ಬಡೀತೀನಿ, ನೀನು ಮಾಸ್ಕ್ ಹಾಕ್ಕೊಂಡು ಮಲಕ್ಕೋ” ಎಂದೆ.

ಬಾಗಿಲು ಎಳೆದುಕೊಂಡು ಬಂದೆ. ಮಿಷನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಸ್ಟೂಲನ್ನು ಗೋಡೆಗೆ ಹತ್ತಿರ ಹಾಕಿಕೊಂಡು, ಮರದ ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸಂಜೆ ಅವಳೆದ್ದು ಪಾತ್ರೆ ಸದ್ದು ಮಾಡುವವರೆಗೂ ಕುಳಿತಿದ್ದೆ. ಆ ದಿನ ಒಂದು ಕಾಲರೂ ಮುಗಿಯಲಿಲ್ಲ.